ಕೈ ಉರಿಯದವಳು

ಜೀಪಿನ ತಲೆಯ ಮೇಲೆ ಕಟ್ಟಿದ್ದ ಆ ಎರಡು ಮೈಕುಗಳನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮೈಕುಗಳ ಮೇಲಲ್ಲ, ಅವುಗಳಿಂದ ಹೊರಟ ದನಿಯ ಮೇಲೆ. ಆ ದನಿಗಳಲ್ಲಿ ಒಂದು ನನ್ನದೇ ಆಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಮ್ಮ ಕಾಗದಪತ್ರಗಳೆಲ್ಲ ಧಾರವಾಡಕ್ಕೇ ಹೋಗುತ್ತಿದ್ದವು. ನಾನು ಕುಷ್ಠರೋಗ ಪತ್ತೆ ಹಚ್ಚುವ ಸರಕಾರಿ ನೌಕರ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆ ತಿರುಗಾಟ, ವಸತಿ ಬ್ಯಾಡಗಿಯಲ್ಲಿ. ಮನೆ ಮನೆಗೆ ಹೋಗಿ ಜನರ ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದೆಯೇ, ಇದ್ದರೆ ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಚೀಲದಲ್ಲಿ ಹತ್ತಿ, ಬಾಲ್ ಪೆನ್ನು, ಎರಡು ಗಾಜಿನ ನಳಿಗೆ. ಒಂದಕ್ಕೆ ಬಿಸಿನೀರು, ಇನ್ನೊಂದಕ್ಕೆ ತಣ್ಣೀರು. ಕಣ್ಣು ಮುಚ್ಚಿಸಿ ಒಂದಾದ ಮೇಲೊಂದು ಮುಟ್ಟಿಸಿ, ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಕೇಳುತ್ತಿದ್ದೆ. ಎರಡೂ ಒಂದೇ ಎಂದರೆ ರೋಗಕ್ಕೆ ನರ ಸಿಕ್ಕಿದೆ ಎಂದು ಅರ್ಥ.

ಹೊಸ ಔಷಧ ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಅದಕ್ಕೂ ಮುಂಚೆ ಒಂದೇ ಗುಳಿಗೆಯನ್ನು ವರ್ಷಾನುಗಟ್ಟಲೆ, ಕೆಲವರು ಆಯುಷ್ಯವಿಡೀ ನುಂಗಬೇಕಿತ್ತು. ಈಗ ಬೇರೆ ಬೇರೆ ಔಷಧ ಕೂಡಿಸಿ ಕೊಟ್ಟರೆ ರೋಗ ಖಂಡಿತ ವಾಸಿಯಾಗುತ್ತಿತ್ತು. ಮೊದಲ ಕಂತು ನುಂಗಿದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತಿತ್ತು. ಮನೆ ಬಿಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ. ಇಂಥ ಒಳ್ಳೆಯ ಸುದ್ದಿ ನಮ್ಮ ಕೈಯಲ್ಲಿತ್ತು. ಅದನ್ನು ನಾವು ಹೇಗೆ ಹೇಳಿದೆವು ಎಂಬುದನ್ನು ಕೇಳಿ.

ಆ ವರ್ಷ ಸಂಕ್ರಾಂತಿ ಮುಗಿದ ವಾರ, ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದಾಗ, ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಜೀಪು ತಂದರು. ಜೊತೆಗೊಂದು ಕ್ಯಾಸೆಟ್ಟು. ಆಸ್ಪತ್ರೆಯ ಅಂಗಳದಲ್ಲಿ ನಿಂತು ಕೇಳಿದೆವು. ಮೊದಲು ನಗಾರಿ ಬಾರಿಸಿದ ಸದ್ದು, ಆಮೇಲೆ ಒಂದು ಹೆಂಗಸಿನ ಚೀರಾಟ, ಅದರ ಹಿಂದೆ ಬಾವಿಯೊಳಗಿಂದ ಬಂದಂಥ ಗಡಸು ಗಂಡುದನಿ: “ಎಚ್ಚರ! ನಿಮ್ಮ ಮೈಮೇಲೆ ಮಚ್ಚೆ ಇದೆಯೇ? ಅಲಕ್ಷಿಸಿದರೆ ನಿಮ್ಮ ಬೆರಳುಗಳು ಕರಗಿ ಉದುರುವವು! ನಿಮ್ಮ ಮುಖವನ್ನು ನಿಮ್ಮ ಮಕ್ಕಳೇ ಗುರುತಿಸಲಾರರು!” ಇದೇ ಧಾಟಿಯಲ್ಲಿ ಬಹಳ ಹೊತ್ತು. ಔಷಧ ಇದೆ, ಅದು ಪುಕ್ಕಟೆ, ರೋಗ ವಾಸಿಯಾಗುತ್ತದೆ ಎಂಬ ಮಾತು ಕಟ್ಟಕಡೆಗೆ ಬರುತ್ತಿತ್ತು. ಅಷ್ಟರಲ್ಲಿ ಜೀಪು ಆ ಓಣಿ ದಾಟಿ ಇನ್ನೊಂದು ಓಣಿಗೆ ಹೋಗಿರುತ್ತಿತ್ತು. ಹೀಗಾಗಿ ಪ್ರತಿ ಓಣಿಯ ಪಾಲಿಗೂ ಬಂದದ್ದು ಚೀರಾಟವೊಂದೇ.

“ಜನಕ್ಕೆ ಭಯ ಇರಬೇಕು ಕಣ್ರೀ. ಭಯ ಬಿದ್ರೇನೇ ಆಸ್ಪತ್ರೆಗೆ ಬರೋದು” ಎಂದರು ಸಾಹೇಬರು.

ನಾನು ತಲೆಯಾಡಿಸಿದೆ. ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಿಡಿಸಿತ್ತು. ಬಿಸಿಲಲ್ಲಿ ಮನೆ ಮನೆ ತಿರುಗಿ ಬೇಸತ್ತವನಿಗೆ ಮೈಕು ಸಿಕ್ಕರೆ ಬಿಟ್ಟಾನೆಯೇ? ಕ್ಯಾಸೆಟ್ಟು ಮುಗಿದ ಮೇಲೆ ನನ್ನದೂ ನಾಲ್ಕು ಮಾತು ಸೇರಿಸುತ್ತಿದ್ದೆ: “ರೋಗ ಮುಚ್ಚಿಟ್ಟವರು ಇಡೀ ಊರಿಗೇ ದ್ರೋಹ ಬಗೆದಂತೆ! ನಿಮ್ಮ ಓಣಿಯಲ್ಲಿ ಯಾರಿದ್ದಾರೆಂದು ನಮಗೆ ಗೊತ್ತಾಗದೇ ಇರುವುದಿಲ್ಲ!” ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ಬಾಯಿ ನನ್ನದು, ಮಾತು ನನ್ನದು, ಸೊಕ್ಕೂ ನನ್ನದೇ.

ಜೀಪಿನ ಡ್ರೈವರ್ ಹಾವೇರಿಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಮೂರನೆಯ ದಿನ ಅವರು ಗಾಡಿ ಬಂದ್ ಮಾಡಿ ನನ್ನ ಕಡೆ ತಿರುಗಿದರು.

“ಸರ್, ಒಂದ್ ಮಾತ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ.”

“ಹೇಳ್ರಿ ಚಾಚಾ.”

“ಮಂದಿ ಮನ್ಯಾಗ ಕುಂತು ಮಾತಾಡೂಮುಂದ ನೀವು ಬ್ಯಾರೇ ಮನಶ್ಯಾ. ಈ ಮೈಕ್ ಬಾಯಿಮುಂದ ಹಿಡಕೊಂಡ್ರಿ ಅಂದ್ರ ಪೊಲೀಸ್ ಫೌಜದಾರ ಆಕ್ಕೀರಿ. ಫೌಜದಾರ ಬಂದ ಅಂದ್ರ ಯಾರರೆ ಬಾಗಲಾ ತಗೀತಾರೇನ್ರಿ?”

“ನಿಮ್ಮ ಕೆಲಸ ಗಾಡಿ ಹೊಡೆಯೂದು, ಅಷ್ಟ ಮಾಡ್ರಿ” ಎಂದೆ. ಅವರು ಗಾಡಿ ಚಾಲೂ ಮಾಡಿದರು.

ಫಲ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಮುಂಚೆ ನಾನು ಹೋದರೆ ಚಾಪೆ ಹಾಸಿ ನೀರು ಕೊಡುತ್ತಿದ್ದ ಮನೆಗಳಲ್ಲಿ ಈಗ ಒಳಗಿಂದಲೇ ಉತ್ತರ: “ಯಾರೂ ಇಲ್ಲರಿ.” ಯಾರೂ ಇಲ್ಲ ಎಂದವರು ಯಾರು ತಾಯೀ ಎಂದು ಕೇಳುವ ಮನಸ್ಸಾಗುತ್ತಿತ್ತು. ಸುಡುವ ಬಿಸಿಲಲ್ಲೂ ಗಂಡಸರು ತುಂಬುತೋಳಿನ ಅಂಗಿ ತೊಟ್ಟು ನನ್ನ ಮುಂದೆ ಹಾಯುತ್ತಿದ್ದರು. ರಾಣೇಬೆನ್ನೂರಿನಲ್ಲಿ ಒಬ್ಬ ದರ್ಜಿ ತಿಂಗಳು ತಪ್ಪದೆ ಬಂದು ಗುಳಿಗೆ ಒಯ್ಯುತ್ತಿದ್ದ. ಇನ್ನು ಸ್ವಲ್ಪ ದಿನದಲ್ಲಿ ಔಷಧ ಮುಗಿಸುವವನಿದ್ದ. ಅವನೇ ಒಂದು ದಿನ ಬಂದು ಉಳಿದ ಗುಳಿಗೆಗಳನ್ನು ನನ್ನ ಮೇಜಿನ ಮೇಲಿಟ್ಟ.

“ನನ್ನ ಅಂಗಡಿ ಮುಂದ ಜೀಪ್ ನಿಲ್ಲಿಸಿ ಒದರೀರಿ. ಅವತ್ತಿನಿಂದ ಹೆಣ್ಣಮಕ್ಕಳು ಕುಬಸಾ ಹೊಲ್ಯಾಕ ಕೊಡವಲ್ರು. ನಿಮ್ಮ ಗುಳಗಿ ನೀವ ಇಟ್ಕೋರ್ರಿ” ಎಂದ. ಬೇಡ ಬೇಡವೆಂದರೂ ಹೊರಟೇಹೋದ.

ಮಾಸಿಕ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಸಾಹೇಬರು ಕೇಳಿಸಿಕೊಂಡು, “ಹಾಗಾದರೆ ದನಿ ಸಾಲಲಿಲ್ಲ ಅಂತ ಅರ್ಥ. ಇನ್ನೂ ಜೋರಾಗಿ ಹಾಕಿ” ಎಂದರು. ಆಗಲೂ ನಾನು ಎದ್ದು ನಿಂತು ಒಂದು ಮಾತು ಆಡಲಿಲ್ಲ. ಈ ಜನಕ್ಕೆ ಬುದ್ಧಿ ಬರುವುದಿಲ್ಲ ಎಂದು ಜನರ ಮೇಲೆಯೇ ಹಲ್ಲು ಕಡಿದೆ.

ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲಿ ಸಿಗುವುದಿಲ್ಲ. ಗೋದಾಮುಗಳಲ್ಲಿ ಕೆಂಪು ರಾಶಿಗಳ ಸುತ್ತ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿರುತ್ತಾರೆ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ದಿನವಿಡೀ ತೊಟ್ಟು ಮುರಿದರೆ ಕೈ ಉರಿಯದೆ ಬಿಡದು. ಹೊರಗಿನ ಖಾರದ ಕಾಯಿ ಬಂದ ದಿನವಂತೂ ಸಂಜೆಗೆ ಎಲ್ಲರೂ ಉಫ್ ಉಫ್ ಎಂದು ಊದಿಕೊಳ್ಳುತ್ತ ಕೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಅಂಥ ಒಂದು ಗೋದಾಮಿನ ಮುಂದೆ ಜೀಪು ನಿಲ್ಲಿಸಿ, ಕ್ಯಾಸೆಟ್ಟು ಹಾಕಿ, ಒಳಗೆ ಕಾಲಿಟ್ಟಿದ್ದೆ. ಆ ಗುಂಪಿಗೆ ಹಿರಿಯಳಾದ ಒಬ್ಬ ಮುದುಕಿ ಎದ್ದು ಬಂದು ಬಾಗಿಲಲ್ಲೇ ತಡೆದಿದ್ದಳು.

“ನಮ್ಮಾಗ ಅಂಥಾವ್ರು ಯಾರೂ ಇಲ್ಲ. ನಡೀರಿ ಹೊರಗ.”

ಶಿವರಾತ್ರಿ ಕಳೆದು ಬಿಸಿಲು ಏರಿತು. ಜೀಪು ಕೆಟ್ಟು ಹಾವೇರಿಗೆ ರಿಪೇರಿಗೆ ಹೋಯಿತು. ನಾನು ಮತ್ತೆ ಕಾಲ್ನಡಿಗೆಗೆ ಬಂದೆ. ಒಂದು ಮಧ್ಯಾಹ್ನ ನೀರಡಿಕೆ ತಾಳಲಾಗದೆ ಅದೇ ಗೋದಾಮಿನ ನೆರಳಿಗೆ ಹೋಗಿ ನಿಂತೆ. ಹಿರಿಯಾಕೆ ಗುರುತು ಹಿಡಿದಳು.

“ಏನ್ರಿ, ಇವತ್ತ ಮೈಕ್ ಎಲ್ಲಿ ಬಿಟ್ಟ್ ಬಂದೀರಿ?”

ಹೆಂಗಸರೆಲ್ಲ ಕಿಸಕ್ಕೆಂದರು. ನಾನು ಪೆಚ್ಚಾಗಿ ನಕ್ಕು ನೀರು ಕೇಳಿದೆ. ತಂಬಿಗೆ ಬರುವವರೆಗೆ ಸುಮ್ಮನೆ ಕೂಡಲಾರದೆ ರಾಶಿಯಿಂದ ನಾಲ್ಕು ಕಾಯಿ ಎತ್ತಿಕೊಂಡು ತೊಟ್ಟು ಮುರಿದೆ. ಹಣೆಯ ಬೆವರು ಕಣ್ಣಿಗಿಳಿಯಿತು. ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ.

“ಅಯ್ಯಯ್ಯ, ಕಣ್ಣಿಗೆ ಕೈ ಹಚ್ಚಿದ ನೋಡ ಬೇ!”

ಅಪ್ಪಾ, ಆ ಉರಿ! ನಾನು ಕುಣಿದೆ, ಅವರು ಬಿದ್ದು ಬಿದ್ದು ನಕ್ಕರು. ಹಿರಿಯಾಕೆ ನನ್ನ ರಟ್ಟೆ ಹಿಡಿದು ಕೂಡಿಸಿದಳು. “ತಿಕ್ಕಬ್ಯಾಡೊ ಯಪ್ಪಾ, ಸುಮ್ಮ ಕುಂದ್ರು” ಎಂದು ಕಣ್ಣಿಗೆ ತಣ್ಣೀರು ಎರಚಿದಳು, ಕೈಗೆ ಎಣ್ಣೆ ಸುರಿದಳು. ಎರಡು ತಿಂಗಳಲ್ಲಿ ಆ ಊರಿನಲ್ಲಿ ನನ್ನೊಂದಿಗೆ ಯಾರಾದರೂ ಮನುಷ್ಯರಂತೆ ಮಾತಾಡಿದ್ದು ಅದೇ ಮೊದಲು.

“ನಿಮಗೆಲ್ಲ ದಿನಾ ಹಿಂಗ ಉರೀತೈತೇನ್ರಿ?” ಎಂದು ಕೇಳಿದೆ. ಪತ್ತೆ ಹಚ್ಚಲು ಕೇಳಿದ್ದಲ್ಲ, ದೇವರಾಣೆ. ನೋವಿಗೆ ಕೇಳಿದ್ದು.

“ನಮಗ ಉರೀತೈತಿ. ಆದ್ರ ಅಲ್ಲಿ ಕುಂತಾಳಲ್ಲ, ಆಕೀಗೆ ಉರಿಯೂದಿಲ್ಲ ನೋಡ್ರಿ” ಎಂದು ಹಿರಿಯಾಕೆ ಮೂಲೆಗೆ ಕೈ ತೋರಿಸಿದಳು. “ಎಂಥಾ ಖಾರದ ಕಾಯಿ ಇರಲಿ, ಒಂದ್ ಹನಿ ಎಣ್ಣಿ ಹಚ್ಚೂದಿಲ್ಲ. ದೇವ್ರು ಕೊಟ್ಟ ಕೈ ಅದಾವ. ಹೊಸಾ ಹುಡಿಗೇರು ಬಂದ್ರ ಮೊದಲಿನ ದಿನ ಆಕಿ ಕೈ ಹಿಡಿಸೇ ಕೆಲಸಕ್ಕ ಕುಂಡ್ರಸ್ತೇವಿ. ಅವ್ರಿಗೂ ಉರೀಬಾರದು ಅಂತ.”

ಮೂಲೆಯಲ್ಲಿದ್ದವಳಿಗೆ ಮೂವತ್ತೈದರ ಆಸುಪಾಸು. ಯಾರೋ “ತೋರಸ್ ಬೇ ಅವರಿಗೆ” ಎಂದರು. ಅವಳು ಎದ್ದು, ಒಲೆಯ ಮೇಲೆ ಕುದಿಯುತ್ತಿದ್ದ ಚಹದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟಳು. ಎಲ್ಲರೂ ಭೇಷ್ ಎಂದರು. ನನ್ನ ಉರಿಯುವ ಕಣ್ಣಿಗೂ ಕಂಡಿತು: ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಗಾಯ, ಹೊಸ ಬೊಬ್ಬೆ. ಬಲಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು.

ನಾನು ತಿಂಗಳುಗಟ್ಟಲೆ ಬೀದಿ ಬೀದಿ ಒದರಿ ಹುಡುಕಿದ್ದು ಈ ಕೈಗಳನ್ನೇ. ಅವು ಇಡೀ ಗೋದಾಮಿನ ಕಣ್ಣ ಮುಂದಿದ್ದವು, ಅದೂ ಹೊಗಳಿಸಿಕೊಳ್ಳುತ್ತ. ಎಲ್ಲರೆದುರು ಅವಳನ್ನು ಕೇಳುವುದು ಬೇಡವೆಂದು ಚಹ ಕುಡಿದು ಎದ್ದುಬಂದೆ.

ಮರುದಿನ ಅವಳು ಕೈ ತೊಳೆಯಲು ಹಿತ್ತಲಿನ ನೀರಿನ ತೊಟ್ಟಿಗೆ ಬಂದಾಗ ಹಿರಿಯಾಕೆಯನ್ನೂ ಕರೆದು ಮಾತು ಕೇಳದಷ್ಟು ದೂರದಲ್ಲಿ ನಿಲ್ಲಿಸಿಕೊಂಡು ಅವಳನ್ನು ಮಾತಾಡಿಸಿದೆ. “ಅಕ್ಕಾರ, ನಿಮ್ಮ ಕೈ ಒಂದ್ ಸಲ ನೋಡ್ಲ್ಯಾ?” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು. ಹತ್ತಿ ತಾಕಿಸಿದೆ. ಬಲಗೈ ಪೂರಾ ಸತ್ತಿತ್ತು, ಎಡಗೈಯಲ್ಲಿ ಅಲ್ಲಲ್ಲಿ ಮಾತ್ರ ತಿಳಿಯುತ್ತಿತ್ತು. ನಳಿಗೆಗಳನ್ನು ಮುಟ್ಟಿಸಿದೆ. “ಎರಡೂ ಒಂದ ಅದಾವ್ರಿ” ಎಂದಳು. ಮೊಳಕೈ ಹಿಂದಿನ ನರ ಬೆರಳಿಗೆ ಹಗ್ಗದಂತೆ ಸಿಕ್ಕಿತು. ಕುಪ್ಪಸದ ತೋಳಿನಡಿ ಒಂದು ಮಾಸಲು ಮಚ್ಚೆ.

“ನರಕ್ಕ ಬ್ಯಾನಿ ಆಗೈತ್ರಿ. ಔಷಧ ಐತಿ. ಮನ್ಯಾಗ ಇದ್ದ ತಗೋಬಹುದು, ಆರಾಮಾಕ್ಕೈತಿ.”

“ಮೈಕಿನ್ಯಾಗ ಒದರತಿದ್ರೆಲ್ಲ, ಅದ ಹೌದಲ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೌದ್ರಿ, ಅದ.”

“ಹಂಗಾರ ನನ್ನ ಬೆರಳ ಉದರತಾವ?”

“ಇಲ್ರಿ. ಉದುರೂದಿಲ್ಲ.”

“ಮತ್ತ ನೀವ ಹೇಳಿದ್ರಿ.” ಅವಳ ದನಿ ಏರಲಿಲ್ಲ. “ಅವತ್ತಿಂದು ಖರೇವೋ, ಇವತ್ತಿಂದು ಖರೇವೋ?”

ಅವಳೇ ಮುಂದುವರಿದಳು. ಹೋದ ವರ್ಷವೇ ಕೈ ಉರಿ ಕಡಿಮೆಯಾಗಿತ್ತು. ಮೊದಲು ಅವಳಿಗೂ ಖುಷಿಯಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಬಲಗೈಯಿಂದ ಸೂಜಿ ಜಾರಲು ಶುರುವಾದ ಮೇಲೆ ಸಂಶಯ ಬಂದಿತ್ತು. “ಆಸ್ಪತ್ರಿಗೆ ತೋರಿಸೂಣು ಅಂತ ನಿಮ್ಮ ಬಾಗಲಾ ಮಟಾ ಬಂದಿದ್ನಿರಿ. ನೀವು ಅಂಗಳದಾಗ ಜೀಪಿನ್ಯಾಗ ನಿಂತಿದ್ರಿ. ಮುಚ್ಚಿಟ್ಟಾವ್ರು ದ್ರೋಹಿಗೋಳು ಅಂದ್ರಿ. ಬೆರಳ ಆಗ ಇನ್ನೂ ನೆಟ್ಟಗಿತ್ತರಿ. ನಾ ಹಂಗ ತಿರುಗಿ ಬಂದ್ನಿ.”

“ಮತ್ತ ಆ ಚಾದ ಪಾತ್ರಿ ಯಾಕ ಎತ್ತತೀರಿ?”

“ಮದ್ಲ ಎತ್ತತಿದ್ದಿಲ್ರಿ. ನಿಮ್ಮ ಜೀಪ್ ಬಂದ್ ಮ್ಯಾಲೆ ಮಂದಿ ಒಬ್ಬರ ಕೈ ಒಬ್ಬರು ನೋಡಾಕ ಹತ್ತಿದ್ರು. ದೇವ್ರು ಕೊಟ್ಟ ಕೈ ಅಂತ ನಂಬಲಿ ಅಂತ ಎತ್ತೀನಿ. ನಂಬ್ಯಾರ.”

ಛೀ! ಅವಳ ಬೆರಳು ಸುಟ್ಟದ್ದು ಒಲೆಯಲ್ಲ, ನಾನು.

ಅವಳನ್ನು ಅಂದೇ ವೈದ್ಯರಿಗೆ ತೋರಿಸಿದೆ. ಚರ್ಮದ ಪರೀಕ್ಷೆಯಾಯಿತು, ನನ್ನ ಕಣ್ಣೆದುರೇ ಮೊದಲ ಕಂತಿನ ಗುಳಿಗೆ ನುಂಗಿದಳು. ನರದ ಊತ ಇಳಿಸಲು ಬೇರೆ ಗುಳಿಗೆ ಕೊಟ್ಟರು. ಅವಳು ಹೊರಗೆ ಹೋದ ಮೇಲೆ ವೈದ್ಯರು ಹೇಳಿದರು: “ಎಡಗೈಗೆ ಸ್ಪರ್ಶ ತಿರುಗಿ ಬರಬಹುದು. ಬಲಗೈ ಕಷ್ಟ. ಸಂಕ್ರಾಂತಿಗೇ ಬಂದಿದ್ರೆ ಆ ಬೆರಳು ಉಳೀತಿತ್ತು.”

ಗೋದಾಮಿಗೆ ಹೇಳುವುದೋ ಬಿಡುವುದೋ ಎಂಬುದನ್ನು ಅವಳಿಗೇ ಬಿಟ್ಟಿದ್ದೆ. ಅವಳೇ ಹೇಳಿದಳು. ಮರುದಿನ ಹಿರಿಯಾಕೆ ಆಸ್ಪತ್ರೆಗೇ ಬಂದು ನನ್ನ ಮುಂದೆ ನಿಂತಳು. “ನಮ್ಮ ಹುಡಿಗೇರೆಲ್ಲ ಆಕಿ ಕೈ ಹಿಡದಾರ. ಈಗ ಏನ್ ಹೇಳ್ತೀಯಪ್ಪಾ?” ನಾನು ಗೋದಾಮಿಗೆ ಹೋಗಿ ರಾಶಿಯ ಪಕ್ಕ ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಒಬ್ಬೊಬ್ಬರನ್ನೂ ಪರೀಕ್ಷಿಸಿದೆ. ಯಾರಿಗೂ ಏನೂ ಇರಲಿಲ್ಲ. ಇಬ್ಬರು ಬೇರೆ ಗೋದಾಮಿಗೆ ಹೋದರು. ಉಳಿದವರು ಹೋಗಲಿಲ್ಲ. ಅವಳ ಕೈ ಮತ್ತೆ ಸುಡದಿರಲೆಂದು ಚಹದ ಪಾತ್ರೆಗೆ ಮಾತ್ರ ಹಿರಿಯಾಕೆ ಅರಿವೆ ಕಟ್ಟಿದಳು.

ಅದೇ ವಾರ ಜೀಪು ರಿಪೇರಿಯಾಗಿ ಬಂತು, ಜೊತೆಗೆ ಸಾಹೇಬರೂ. ಬ್ಯಾಡಗಿಯಲ್ಲಿ ಪತ್ತೆ ಕಡಿಮೆ, ಆದ್ದರಿಂದ ಗೋದಾಮು ಸಾಲಿನಲ್ಲೇ ಮೂರು ದಿನ ಜೀಪು ನಿಲ್ಲಿಸಿ ಕ್ಯಾಸೆಟ್ಟು ಹಾಕಬೇಕೆಂದು ಅಪ್ಪಣೆಯಾಯಿತು. ಹೊಸದಾಗಿ ಸಿಕ್ಕ ಹೆಂಗಸನ್ನು ಜೀಪಿನ ಮುಂದೆ ನಿಲ್ಲಿಸಿ ತೋರಿಸಿದರೆ ಇನ್ನೂ ಒಳ್ಳೆಯದಂತೆ! ಜೀಪಿಗೆ ಹೋಗಿ ಕ್ಯಾಸೆಟ್ಟು ಹೊರತೆಗೆದು, ಅದರ ಪಟ್ಟಿಯನ್ನು ಮಾರುಗಟ್ಟಲೆ ಎಳೆದು ಹಾಕಿದೆ.

“ಏನ್ರೀ ಇದು?” ಸಾಹೇಬರು ಕೂಗಿದರು.

ಚಾಚಾ ನಡುವೆ ಬಂದರು. “ಮಿಶೀನ್ ತಿಂದಬಿಟ್ಟತ್ರಿ ಸಾಹೇಬ್ರ. ಹಳೇ ಮಿಶೀನು.”

“ಮಿಶೀನ್ ಅಲ್ಲರಿ, ನಾನ ಕಿತ್ತೀನಿ” ಎಂದೆ. ಅವತ್ತು ದನಿ ಏರಿತು, ಮೈಕಿಲ್ಲದೆಯೇ ಆಸ್ಪತ್ರೆಗೆಲ್ಲ ಕೇಳಿಸಿತು. “ಬೆರಳು ಉದುರೋದಿಲ್ಲ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಗೊತ್ತಿದ್ದೂ ಒದರಿದ್ವಿ. ಬಾಗಿಲಿಗೆ ಬಂದಾಕಿಯನ್ನ ಓಡಿಸಿದ್ವಿ. ಇನ್ನೊಮ್ಮೆ ಈ ಊರೊಳಗೆ ಇದು ಕೂಗಿದ್ರೆ ಜೀಪಿನ ಮುಂದೆ ನಾನೇ ಅಡ್ಡ ಮಲಗ್ತೀನಿ.”

“ನಿಮ್ಮ ಮೇಲೆ ಬರೀತೀನಿ.”

“ಬರೀರಿ.”

ಬರೆದರು. ವರ್ಗಾವಣೆಯ ಆದೇಶ ಬರುವಷ್ಟರಲ್ಲಿ ಸುಗ್ಗಿ ಮುಗಿಯಿತು. ಅಷ್ಟರವರೆಗೆ ನಾನು ದಿನವೂ ಸಂಜೆ, ಹೆಂಗಸರು ಕೈಗೆ ಎಣ್ಣೆ ಹಚ್ಚುವ ಹೊತ್ತಿಗೆ ಸರಿಯಾಗಿ ಒಂದೊಂದು ಗೋದಾಮಿಗೆ ಹೋದೆ. ಹಿರಿಯಾಕೆ ಮುಂಚೆಯೇ ಹೇಳಿ ಕಳಿಸಿರುತ್ತಿದ್ದಳು. ನಾನೂ ನಾಲ್ಕು ಕಾಯಿಯ ತೊಟ್ಟು ಮುರಿದು, ಎಣ್ಣೆ ಕೇಳಿ, ಎಲ್ಲರ ನಗೆ ಮುಗಿದ ಮೇಲೆ, “ನಿಮ್ಮಾಗ ಯಾರಿಗೆ ಎಣ್ಣಿ ಬ್ಯಾಡ್ರಿ?” ಎಂದು ಕೇಳುತ್ತಿದ್ದೆ. ಅಷ್ಟೇ. ಔಷಧದ ಮಾತು ಮೊದಲು, ರೋಗದ ಹೆಸರು ಆಮೇಲೆ. ಇನ್ನೂ ಮೂವರು ಸಿಕ್ಕರು, ಮೂವರ ಬೆರಳೂ ನೆಟ್ಟಗಿದ್ದವು. ರಾಣೇಬೆನ್ನೂರಿನ ದರ್ಜಿಯ ಮನೆಗೆ ನಾಲ್ಕು ಸಲ ಹೋಗಿ ಕ್ಷಮೆ ಕೇಳಿದೆ. ನಾಲ್ಕನೆಯ ಸಲ ಗುಳಿಗೆ ತೆಗೆದುಕೊಂಡ. ಮಾತು ಮಾತ್ರ ಆಡಲಿಲ್ಲ.

ನನ್ನನ್ನು ಐರಣಿಯ ಕಡೆಯ ಹೊಳೆದಂಡೆ ಹಳ್ಳಿಗಳಿಗೆ ಹಾಕಿದರು. ಮುಂದಿನ ಸುಗ್ಗಿಯಲ್ಲಿ ರಜೆ ಹಾಕಿ ಬ್ಯಾಡಗಿಗೆ ಹೋದೆ. ಸಂಜೆಯ ಹೊತ್ತು, ಗೋದಾಮಿನಲ್ಲಿ ಎಣ್ಣೆಯ ಬಾಟಲಿ ಕೈಯಿಂದ ಕೈಗೆ ತಿರುಗುತ್ತಿತ್ತು. ನನ್ನನ್ನು ಕಂಡದ್ದೇ ಅವಳು ಮೂಲೆಯಿಂದ ಎದ್ದು ಬಂದಳು.

“ನೋಡ್ ಬರ್ರಿ ಇಲ್ಲೆ! ಉರೀತೈತ್ರಿ!” ಎಡಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. “ಎರಡ ದಿನಾ ಆತ್ರಿ, ಕೆಂಡ ಹಿಡದಂಗ ಉರೀತೈತಿ!” ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

ಹಿರಿಯಾಕೆ ಬಾಟಲಿ ಮುಂದೆ ಮಾಡಿದಳು. “ಬಾ ಬೇ, ಎಣ್ಣಿ ಹಚ್ಕೋ.”

“ಒಲ್ಲೆ. ಇವತ್ತೊಂದಿನ ಉರೀಲಿ ಬಿಡು.”

ನಾನು ಅವಳ ಇನ್ನೊಂದು ಕೈ ನೋಡುತ್ತಿದ್ದೆ. ಅದು ಸೀರೆಯ ನಿರಿಗೆಯ ಪಕ್ಕ ಸುಮ್ಮನೆ ಜೋತುಬಿದ್ದಿತ್ತು. ಕಿರುಬೆರಳು ಹಾಗೇ ಬಾಗಿತ್ತು, ಪಕ್ಕದ ಬೆರಳೂ ಅದರ ಜೊತೆ ಸೇರಿತ್ತು. ಅವಳಿಗೆ ತಿಳಿಯಿತು.

“ಅದನ್ಯಾಕ ನೋಡ್ತೀರಿ? ಇದನ್ನ ನೋಡ್ರಿ” ಎಂದು ಎಡಗೈಯನ್ನು ಮತ್ತೆ ಮುಂದೆ ತಂದಳು.

ನೋಡಿದೆ. ಭೇಷಾತು ಅಕ್ಕಾರ ಎಂದೆ. ಆದರೆ ನನ್ನ ಬಾಗಿಲವರೆಗೆ ಬಂದು ನನ್ನ ದನಿ ಕೇಳಿ ತಿರುಗಿ ಹೋದ ಆ ದಿನ ಅವಳ ಬಲಗೈಯ ಬೆರಳು ನೆಟ್ಟಗಿತ್ತು.